ಮನೆಯ 15 ಆಂಪ್ ಪಾಯಿಂಟಿನಲ್ಲಿ ಕಾರು ಚಾರ್ಜ್: ಪ್ಲಗ್ ಕೈ ಸುಡುತ್ತಿದೆ, ಏನು ಮಾಡಲಿ?

ಬೋಗಾದಿ_ರಸ್ತೆ · ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಕಾರು ತಗೊಂಡು ಇವತ್ತಿಗೆ 23 ದಿನ ಆಯಿತು. 24 ಯೂನಿಟ್ ಬ್ಯಾಟರಿಯ ಚಿಕ್ಕ ಕಾರು. ದಿನಾ ಮೈಸೂರಿನ ಬೋಗಾದಿಯಿಂದ ಇಲ್ಲೇ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರುತ್ತೇನೆ. ಮಗಳ ಟ್ಯೂಷನ್ ಓಡಾಟವೂ ಸೇರಿದರೆ 30 ಕಿ.ಮೀ. ದಾಟುವುದಿಲ್ಲ. ಶನಿವಾರ, ಭಾನುವಾರ ಮಂಡ್ಯದಲ್ಲಿ ಮಾವನ ಮನೆಗೆ ಹೋಗುವುದುಂಟು.

ಕಾರಿನ ಜೊತೆ ಕೊಟ್ಟ ಪೋರ್ಟಬಲ್ ಚಾರ್ಜರನ್ನು ಪೋರ್ಟಿಕೊ ಗೋಡೆಯ 15 ಆಂಪ್ ಪಾಯಿಂಟಿಗೆ ಹಾಕುತ್ತೇನೆ. ಅದು 12 ವರ್ಷದ ಹಿಂದೆ ಮನೆ ಕಟ್ಟಿಸುವಾಗ ವಾಷಿಂಗ್ ಮೆಷಿನ್‌ಗೆ ಅಂತ ಹಾಕಿಸಿದ್ದು. ಆಮೇಲೆ ಅಲ್ಲೇ ಹೊರಗಿನ ಬಚ್ಚಲಿಗೆ ಗೀಸರ್ ಕೂಡ ಓಡಿಸಿದ್ದೇವೆ. ಒಂದು ದಿನವೂ ತೊಂದರೆ ಆಗಿರಲಿಲ್ಲ.

ಮೊನ್ನೆ ನಡುರಾತ್ರಿ ಸುಟ್ಟ ವಾಸನೆ ಬಂತು. ಹಾಲು ಇಟ್ಟು ಮರೆತಿದ್ದೇನೋ ಅಂತ ನಮ್ಮ ಮನೆಯವರು ಎದ್ದು ಅಡುಗೆಮನೆಗೆ ಓಡಿದರು. ಅಲ್ಲಿ ಏನೂ ಇರಲಿಲ್ಲ. ಹೊರಗೆ ಬಂದು ಪ್ಲಗ್ ಮುಟ್ಟಿದರೆ ಕೈ ಇಡಲು ಆಗಲಿಲ್ಲ. ಡಿಬಿಯಲ್ಲಿ (ಮನೆಯ ಮುಖ್ಯ ಸ್ವಿಚ್ ಡಬ್ಬಿ) ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿ, ತಣ್ಣಗಾದ ಮೇಲೆ ಪ್ಲಗ್ ಕಿತ್ತು ನೋಡಿದೆ. ಸಾಕೆಟ್ಟಿನ ಬಲಗಡೆ ತೂತಿನ ಸುತ್ತ ಕಾಫಿ ಬಣ್ಣದ ಉಂಗುರ. ಪ್ಲಗ್ಗಿನ ಅದೇ ಕಡೆಯ ಪಿನ್ ಕಪ್ಪಗೆ ಮಸಿ ಹಿಡಿದಿತ್ತು.

ನನಗೆ ಅರ್ಥ ಆಗದ್ದು ಒಂದೇ. ಇಷ್ಟಾದರೂ ಎಂಸಿಬಿ ಒಂದು ಸಲವೂ ಬೀಳಲಿಲ್ಲ. ಮನೆ ಪಾಯಿಂಟಿನಲ್ಲಿ ಕಾರು ಚಾರ್ಜ್ ಮಾಡುವುದೇ ತಪ್ಪಾ? ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನ ಚಾರ್ಜರ್, ಅಂದರೆ ವಾಲ್ ಬಾಕ್ಸ್ ಹಾಕಿಸಲೇಬೇಕಾ? ಮಾವನ ಮನೆಯಲ್ಲಿ ಹೊರಗಡೆ 5 ಆಂಪ್ ಸಾಕೆಟ್ ಮಾತ್ರ ಇದೆ. ಅಲ್ಲಿ ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹೊಂದಿಸುವ ಕನ್ವರ್ಟರ್ ಪಿನ್ ಹಾಕಿ ಕೊಡಬಹುದಾ?

ವಿಜಯನಗರ_2ನೇ_ಹಂತ · ಭಾನುವಾರ, ರಾತ್ರಿ 10.05

ಸರ್, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ವಾಲ್ ಬಾಕ್ಸ್ ಹಾಕಿಸಿಬಿಡಿ. ನಮ್ಮ ಮನೆಯಲ್ಲಿ ಅದೇ ಇದೆ. ಸಾಕೆಟ್ ಇಲ್ಲ, ಪ್ಲಗ್ ಇಲ್ಲ. ವೈರ್ ನೇರ ಒಳಗೆ ಹೋಗುತ್ತದೆ. ಪ್ಲಗ್ ಸಡಿಲ ಆಗುವ ಮಾತೇ ಇಲ್ಲ.

ನಿವೃತ್ತ_ವೈರ್‌ಮನ್_ಮಂಡ್ಯ · ಭಾನುವಾರ, ರಾತ್ರಿ 10.30

ಬೋಗಾದಿ ಸರ್, ಮೊದಲು ಒಂದು ಮಾತು. ಇವತ್ತು ರಾತ್ರಿ ಆ ಪಾಯಿಂಟಿಗೆ ಕಾರು ಹಾಕಬೇಡಿ. ನಾಳೆಯೂ ಬೇಡ. ಸಾಕೆಟ್ ಬದಲಾಯಿಸುವ ತನಕ ಹೊರಗಿನ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಹಾಕಿಕೊಳ್ಳಿ. ಒಮ್ಮೆ ಕಂದಿದ ಸಾಕೆಟ್ ಮತ್ತೆ ಸರಿ ಹೋಗುವುದಿಲ್ಲ. ಒಳಗಿನ ಹಿತ್ತಾಳೆ ಪಟ್ಟಿ ಬಿಸಿಗೆ ಬಿಗಿ ಕಳೆದುಕೊಂಡಿರುತ್ತದೆ. ಬಿಗಿ ಹೋದರೆ ಇನ್ನೂ ಜಾಸ್ತಿ ಬಿಸಿ. ಹೀಗೇ ಏರುತ್ತಾ ಹೋಗುತ್ತದೆ.

ಎಂಸಿಬಿ ಯಾಕೆ ಬೀಳಲಿಲ್ಲ ಅಂದಿರಿ. ಎಂಸಿಬಿ ಎಣಿಸುವುದು ಎಷ್ಟು ಕರೆಂಟ್ ಹೋಗುತ್ತಿದೆ ಅನ್ನುವುದನ್ನು ಮಾತ್ರ. ನಿಮ್ಮ ಕಾರು ಎಳೆದದ್ದು 12, 13 ಆಂಪ್. 16 ಆಂಪ್ ಎಂಸಿಬಿಗೆ ಅದು ಸರಿಯಾದ ಲೆಕ್ಕವೇ. ಪ್ಲಗ್ಗಿನ ಬಾಯಲ್ಲಿ ಬೆಂಕಿ ಹತ್ತುವ ಹಾಗೆ ಕಾದರೂ ಅದಕ್ಕೆ ಗೊತ್ತಾಗುವುದಿಲ್ಲ. ಸಡಿಲ ಕಾಂಟ್ಯಾಕ್ಟ್ ಹಿಡಿಯುವ ಸಾಮಾನು ಡಿಬಿಯಲ್ಲಿ ಇಲ್ಲ. ನಮ್ಮ ಕೈ, ಕಣ್ಣು, ಮೂಗೇ ಹಿಡಿಯಬೇಕು.

15 ಆಂಪ್ ಪಾಯಿಂಟಿನಲ್ಲಿ ಕಾರು ಚಾರ್ಜ್ ಮಾಡುವುದು ತಪ್ಪಲ್ಲ. ಆ ಪಾಯಿಂಟ್ ಕಾರಿಗೆ ಅಂತಲೇ ಕಟ್ಟಿದ್ದಾಗಿರಬೇಕು, ಅಷ್ಟೇ.

5 ಆಂಪ್ ಸಾಕೆಟ್, ಕನ್ವರ್ಟರ್ ಪಿನ್, ಈ ಎರಡನ್ನೂ ಮರೆತುಬಿಡಿ. ಆ ಸಾಕೆಟ್ಟಿನ ಹಿಂದೆ ಇರುವ ವೈರ್ ಲೈಟು, ಫ್ಯಾನಿನ ವೈರ್.

ಲೆಕ್ಕದ_ಮೇಷ್ಟ್ರು · ಸೋಮವಾರ, ಬೆಳಗ್ಗೆ 6.50

ವೈರ್‌ಮನ್ ಅವರ ಮಾತಿಗೆ ಒಂದು ಲೆಕ್ಕ ಸೇರಿಸುತ್ತೇನೆ. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ, ಇದು ಹತ್ತನೇ ತರಗತಿಯ ಪಾಠವೇ.

ಬಿಸಿ ಹುಟ್ಟುವುದು ಕರೆಂಟಿನ ವರ್ಗಕ್ಕೆ ರೋಧವನ್ನು ಗುಣಿಸಿದಷ್ಟು. ಪಿನ್ನಿಗೂ ಹಿತ್ತಾಳೆ ಪಟ್ಟಿಗೂ ನಡುವೆ ಸಡಿಲ ಆಗಿ 0.15 ಓಮ್ ರೋಧ ಬಂತು ಅಂತ ಇಟ್ಟುಕೊಳ್ಳಿ. 13 ಆಂಪ್ ಹರಿದರೆ 13ರ ವರ್ಗ 169. ಅದಕ್ಕೆ 0.15 ಗುಣಿಸಿದರೆ ಸುಮಾರು 25 ವ್ಯಾಟ್. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸಾಲ್ಡರಿಂಗ್ ಕಡ್ಡಿ ನೋಡಿದ್ದೀರಲ್ವಾ? ಅದೂ 25 ವ್ಯಾಟಿನದೇ. ಅಂಥ ಒಂದು ಕಡ್ಡಿಯನ್ನು ಸಾಕೆಟ್ಟಿನ ಒಳಗೆ ಇಟ್ಟು ಇಡೀ ರಾತ್ರಿ ಬಿಟ್ಟ ಹಾಗೆ.

ಗೀಸರ್ ತೊಂದರೆ ಇಲ್ಲದೆ ಓಡಿತು ಅನ್ನುತ್ತೀರಿ. ಗೀಸರ್ ಕಾಲು ಗಂಟೆ ಓಡಿದರೆ ಥರ್ಮೋಸ್ಟ್ಯಾಟ್ ನಿಲ್ಲಿಸುತ್ತದೆ. ಸಾಕೆಟ್ ಬಿಸಿ ಏರುವ ಮೊದಲೇ ಆರಿಹೋಗುತ್ತದೆ. ಕಾರು ಖಾಲಿ ಇದ್ದರೆ ಎಂಟು, ಒಂಬತ್ತು ಗಂಟೆ ಒಂದೇ ಸಮನೆ ಎಳೆಯುತ್ತದೆ. ಮನೆಯಲ್ಲಿ ಅಷ್ಟು ಹೊತ್ತು ಅಷ್ಟು ಎಳೆಯುವ ಇನ್ನೊಂದು ಸಾಮಾನು ಇಲ್ಲ.

ಬೋಗಾದಿ_ರಸ್ತೆ · ಸೋಮವಾರ, ಬೆಳಗ್ಗೆ 7.15

ತುಂಬಾ ಧನ್ಯವಾದ. ಸಾಲ್ಡರಿಂಗ್ ಕಡ್ಡಿಯ ಲೆಕ್ಕ ಓದಿ ಎದೆ ಝಲ್ಲೆಂದಿತು. ಆ ಗೋಡೆಯ ಆಚೆ ಬದಿಯಲ್ಲೇ ಮಗಳು ಮಲಗುತ್ತಾಳೆ. ಪಾಯಿಂಟಿನ ಎಂಸಿಬಿ ಇಳಿಸಿ ಮೇಲೆ ಟೇಪ್ ಅಂಟಿಸಿದ್ದೇನೆ.

ಹಾಗಾದರೆ ವಾಲ್ ಬಾಕ್ಸಾ, ಹೊಸ ಸಾಕೆಟ್ಟಾ?

ನಿವೃತ್ತ_ವೈರ್‌ಮನ್_ಮಂಡ್ಯ · ಸೋಮವಾರ, ಮಧ್ಯಾಹ್ನ 1.20

ದಿನಕ್ಕೆ 30 ಕಿ.ಮೀ. ಅಂದಿರಿ. ಯೂನಿಟ್ಟಿಗೆ ಏಳು ಕಿ.ಮೀ. ಇಟ್ಟುಕೊಂಡರೂ ನಾಲ್ಕೂವರೆ ಯೂನಿಟ್. 15 ಆಂಪ್ ಪಾಯಿಂಟಿನಿಂದ ಬ್ಯಾಟರಿಗೆ ಗಂಟೆಗೆ ಎರಡೂವರೆ ಯೂನಿಟ್ ಸೇರುತ್ತದೆ. ಎರಡು ಗಂಟೆಯ ಕೆಲಸ. ರಾತ್ರಿ ಹತ್ತಕ್ಕೆ ಹಾಕಿದರೆ ಹನ್ನೆರಡಕ್ಕೆ ಮುಗಿಯಿತು. ಇದಕ್ಕೆ ಯಾಕೆ ವಾಲ್ ಬಾಕ್ಸ್?

ಇನ್ನೊಂದು ವಿಷಯ. ಗೋಡೆಯ ಕಡೆ 7.2 ಇದ್ದರೂ ಕಾರಿನ ಒಳಗಿನ ಚಾರ್ಜರ್ 3.3ರದ್ದಾದರೆ ಕಾರು ತಗೊಳ್ಳುವುದು 3.3 ಮಾತ್ರ. ನಿಮ್ಮ ಕಾರಿನದ್ದು ಎಷ್ಟು ಅಂತ ಪುಸ್ತಕದಲ್ಲಿ ನೋಡಿಕೊಳ್ಳಿ. 7.2 ಅಂದರೆ 32 ಆಂಪ್. 6 ಸ್ಕ್ವೇರ್ ಎಂಎಂ ವೈರ್ ಬೇಕು. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ, ಅದನ್ನೂ ಏರಿಸಬೇಕು. 3.3ಕ್ಕೂ ಅದನ್ನು ನೋಡಲೇಬೇಕು. ಕಾರು 3, ಗೀಸರ್ 2, ಸಂಪಿನ ಮೋಟಾರ್ ಮುಕ್ಕಾಲು, ಇಷ್ಟು ಒಟ್ಟಿಗೆ ಓಡಿದರೆ ಮಂಜೂರಾದದ್ದು ಸಾಲದೆ ಹೋಗಬಹುದು. ಸಾಲದಿದ್ದರೆ ಲೋಡ್ ಏರಿಸಲು ಅರ್ಜಿ ಕೊಡಿ.

ವಿಜಯನಗರ_2ನೇ_ಹಂತ · ಸೋಮವಾರ, ಮಧ್ಯಾಹ್ನ 2.00

ಒಪ್ಪಿದೆ ಅಣ್ಣ. ನನ್ನದು 40 ಯೂನಿಟ್ ಬ್ಯಾಟರಿ, ವಾರಕ್ಕೆ ಎರಡು ಸಲ ಬೆಂಗಳೂರು ಓಡಾಟ. ರಾತ್ರಿ ಹನ್ನೊಂದಕ್ಕೆ ಬಂದು ಬೆಳಗ್ಗೆ ಆರಕ್ಕೆ ಹೊರಡಬೇಕು. 15 ಆಂಪ್‌ನಲ್ಲಿ ಅದು ತುಂಬುವುದಿಲ್ಲ, ಹದಿನಾಲ್ಕು, ಹದಿನೈದು ಗಂಟೆ ಬೇಕು. ಅದಕ್ಕೇ ನಾನು ವಾಲ್ ಬಾಕ್ಸ್ ಹಾಕಿಸಿದ್ದು. ಬೋಗಾದಿ ಸರ್ ಓಡಾಟಕ್ಕೆ ಖಂಡಿತ ಬೇಕಾಗಿಲ್ಲ.

ಸರಸ್ವತಿಪುರಂ_ಬಾಡಿಗೆ_ಮನೆ · ಸೋಮವಾರ, ಸಂಜೆ 6.10

ನನ್ನದೂ ಒಂದು ಪ್ರಶ್ನೆ. ನಾವು ಮೊದಲನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಕೆಳಗೆ ಓನರ್ ಅಮ್ಮ ಒಬ್ಬರೇ ಇರುತ್ತಾರೆ, 74 ವರ್ಷ. ಕಾರು ನಿಲ್ಲಿಸುವುದು ಕೆಳಗೆ, ನಮ್ಮ ಮೀಟರಿನ ಕರೆಂಟ್ ಇರುವುದು ಮೇಲೆ. ಅಡುಗೆಮನೆಯ ಗ್ರೈಂಡರ್ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಕಿಟಕಿಯಿಂದ ಕೆಳಗೆ ಬಿಟ್ಟಿದ್ದೇವೆ. ವೈರ್ 25 ಮೀಟರ್ ಇದೆ, ಉಳಿದದ್ದನ್ನು ಸುತ್ತಿ ಕಿಟಕಿ ಹತ್ತಿರ ಇಟ್ಟಿದ್ದೇವೆ. ಇಲ್ಲಿ ಓದಿದ ಮೇಲೆ ಹೋಗಿ ಆ ಸುರುಳಿ ಮುಟ್ಟಿ ನೋಡಿದೆ. ಬಿಸಿ ರೊಟ್ಟಿ ಡಬ್ಬಿಯ ಹಾಗಿತ್ತು.

ನಿವೃತ್ತ_ವೈರ್‌ಮನ್_ಮಂಡ್ಯ · ಸೋಮವಾರ, ಸಂಜೆ 6.25

ತಾಯಿ, ಈಗಲೇ ಹೋಗಿ ಆಫ್ ಮಾಡಿ. ಆಮೇಲೆ ಓದಿ.

ಸುರುಳಿ ಸುತ್ತಿದ ವೈರಿಗೆ ಗಾಳಿ ಆಡುವುದಿಲ್ಲ. ಒಳಗಿನ ಸುತ್ತಿನ ಬಿಸಿ ಹೊರಗಿನ ಸುತ್ತಿಗೆ, ಹೊರಗಿನದ್ದು ಒಳಗೆ. ಪಿವಿಸಿ ಮೆತ್ತಗಾಗಿ ಫೇಸ್, ನ್ಯೂಟ್ರಲ್ ಒಂದಕ್ಕೊಂದು ತಾಗಿದರೆ ಕಿಟಕಿಯ ಪರದೆಗೇ ಬೆಂಕಿ. ಅಂಗಡಿಯಲ್ಲಿ ಸಿಗುವ ಎಷ್ಟೋ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಸಾಕೆಟ್ ನೋಡಲು 15 ಆಂಪ್ ಇರುತ್ತದೆ, ವೈರ್ ತೆಳ್ಳಗಿರುತ್ತದೆ. ಪೋರ್ಟಬಲ್ ಚಾರ್ಜರ್ ಮಾಡುವವರೂ ಎಕ್ಸ್‌ಟೆನ್ಷನ್ ಬೇಡ ಅಂತಲೇ ಬರೆದಿರುತ್ತಾರೆ.

ನಿಮ್ಮ ಡಿಬಿಯಿಂದಲೇ ಪ್ರತ್ಯೇಕ ವೈರ್ ಎಳೆಸಿ, ಗೋಡೆಯ ಹೊರಗೆ ಪೈಪಿನಲ್ಲಿ ಕೆಳಗಿಳಿಸಿ ಪಾಯಿಂಟ್ ಕೊಡಿಸಬಹುದು. ಗೋಡೆ ಒಡೆಯಬೇಕಾಗಿಲ್ಲ. ನಾಲ್ಕು ಕ್ಲ್ಯಾಂಪ್, ಒಂದು ಪೈಪ್. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಕರೆಂಟ್ ನಿಮ್ಮ ಮೀಟರಿನದ್ದೇ ಆದ್ದರಿಂದ ಓನರ್ ಅಮ್ಮನಿಗೆ ಬಿಲ್ಲಿನ ಚಿಂತೆಯೂ ಇಲ್ಲ. ಅವರಿಗೆ ಕೂತು ಹೇಳಿ. ಕಿಟಕಿಯಲ್ಲಿ ತೂಗುವ ವೈರ್ ಅವರಿಗೂ ಭಯವೇ.

ಸರಸ್ವತಿಪುರಂ_ಬಾಡಿಗೆ_ಮನೆ · ಸೋಮವಾರ, ಸಂಜೆ 6.40

ಆಫ್ ಮಾಡಿ, ವೈರ್ ಪೂರ್ತಿ ಬಿಚ್ಚಿ ಒಳಗಿಟ್ಟೆ ಅಣ್ಣ. ಅಷ್ಟು ದೂರಕ್ಕೆ ಎಷ್ಟು ದಪ್ಪದ ವೈರ್ ಬೇಕು?

ಲೆಕ್ಕದ_ಮೇಷ್ಟ್ರು · ಸೋಮವಾರ, ರಾತ್ರಿ 8.30

ಡಿಬಿಯಿಂದ ಕಾರಿನ ಪಾಯಿಂಟಿಗೆ 20 ಮೀಟರ್ ಅಂದುಕೊಳ್ಳೋಣ. ಹೋಗಿ ಬರುವುದು ಸೇರಿ 40 ಮೀಟರ್ ತಾಮ್ರ. 1.5 ಸ್ಕ್ವೇರ್ ಎಂಎಂ ಆದರೆ 13 ಆಂಪಿಗೆ ಆರು ವೋಲ್ಟ್ ದಾರಿಯಲ್ಲೇ ಇಳಿಯುತ್ತದೆ, 80 ವ್ಯಾಟ್ ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ. 2.5 ಆದರೆ ನಾಲ್ಕು ವೋಲ್ಟ್, 50 ವ್ಯಾಟ್. 4 ಆದರೆ ಎರಡೂವರೆ ವೋಲ್ಟ್ ಒಳಗೆ, 30 ವ್ಯಾಟ್. ಹತ್ತಿರದ ಪಾಯಿಂಟಿಗೆ 2.5 ನಡೆಯುತ್ತದೆ. ಈ ದೂರಕ್ಕೆ 4 ಹಾಕಿಸಿ.

ನಿವೃತ್ತ_ವೈರ್‌ಮನ್_ಮಂಡ್ಯ · ಸೋಮವಾರ, ರಾತ್ರಿ 9.00

ಮೇಷ್ಟ್ರು ಸರಿಯಾಗಿ ಹೇಳಿದರು. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದರು. 92 ಮೈಲಿ ದೂರ. ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಿದ್ದರಿಂದ ಕರೆಂಟ್ ಕಡಿಮೆಯಾಯಿತು, ತಂತಿ ಕಾಯುವುದೂ ತಗ್ಗಿತು. ಮನೆಯಲ್ಲಿ ನಮಗೆ ಇರುವುದು 230 ವೋಲ್ಟ್ ಮಾತ್ರ, ಅದನ್ನು ಏರಿಸುವ ಹಾಗಿಲ್ಲ. ಹಾಗಾಗಿ ವೈರನ್ನೇ ದಪ್ಪ ಮಾಡಬೇಕು. ನಾನು ಕೆಲಸ ಕಲಿಯುವಾಗ ನನ್ನ ಗುರುಗಳು ಹೇಳಿಕೊಟ್ಟ ಪಾಠ ಇದು.

ಕುವೆಂಪುನಗರ_ಸೋಲಾರ್ · ಸೋಮವಾರ, ರಾತ್ರಿ 9.45

ಬಿಲ್ಲಿನ ವಿಷಯ ಯಾರೂ ಎತ್ತಲಿಲ್ಲ. ಗೃಹಜ್ಯೋತಿ ಇರುವವರು ಗಮನಿಸಿ. 2022-23ರ ಸರಾಸರಿ ಬಳಕೆಯ ಮೇಲೆ 10% ಸೇರಿಸಿ ಉಚಿತ ಮಿತಿ ಕೊಟ್ಟಿದ್ದಾರೆ. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ.

ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ 160 ಯೂನಿಟ್ ಬೇಕು. ಮನೆಯದ್ದು 105 ಇದ್ದರೆ ಒಟ್ಟು 265. ಉಚಿತ ಹೋಯಿತು. 500 ಕಿ.ಮೀ. ಓಡಿಸುವವರಿಗೆ 80 ಯೂನಿಟ್, ಒಟ್ಟು 185. ಮಿತಿ ಉಳಿಯುತ್ತದೆ.

ಉಚಿತ ಹೋಯಿತು ಅಂತ ಬೇಜಾರು ಬೇಡ. 265 ಯೂನಿಟ್ಟಿಗೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ ಬರಬಹುದು. ಅದೇ 1,000 ಕಿ.ಮೀ.ಗೆ ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿಗೆ 66 ಲೀಟರ್ ಬೇಕು. ಲೀಟರ್ 100 ರೂಪಾಯಿ ಅಂದರೂ 6,600.

ಪಾಂಡವಪುರ_ರೈತ · ಮಂಗಳವಾರ, ಬೆಳಗ್ಗೆ 5.55

ನಮಸ್ಕಾರ ಎಲ್ಲರಿಗೂ. ನಮ್ಮದು ಊರ ಹೊರಗೆ ತೋಟದ ಮನೆ. ಮಗ ಮೈಸೂರಿನಿಂದ ಕಾರು ತಂದ. ಚಾರ್ಜರ್ ಹಾಕಿದರೆ ಅದರ ಡಬ್ಬಿಯಲ್ಲಿ ಕೆಂಪು ದೀಪ. ಚಾರ್ಜ್ ಆಗುವುದಿಲ್ಲ. ಮಿಕ್ಕಿದ್ದೆಲ್ಲ ಚೆನ್ನಾಗಿ ಓಡುತ್ತದೆ, ಫ್ರಿಡ್ಜು, ಟಿವಿ, ಮಿಕ್ಸಿ. ಅರ್ತ್ ಇಲ್ಲ ಅಂದರು ಷೋರೂಮಿನವರು. ಊರಿನ ಒಬ್ಬ ಹುಡುಗ ಬಂದು, ಪ್ಲಗ್ ಒಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ತುಂಡು ವೈರ್ ಸೇರಿಸಿದರೆ ಹಸಿರು ದೀಪ ಬರುತ್ತದೆ ಅಂದ. ಮಾಡಿಸಲೇ?

ಇನ್ನೊಂದು. ಪಂಪ್‌ಸೆಟ್ಟಿನ ಲೈನ್ ಹತ್ತಿರದಲ್ಲೇ ಇದೆ. ಅಲ್ಲಿಂದ ಕೊಡಬಹುದಾ?

ನಿವೃತ್ತ_ವೈರ್‌ಮನ್_ಮಂಡ್ಯ · ಮಂಗಳವಾರ, ಬೆಳಗ್ಗೆ 7.10

ಅಣ್ಣ, ದಯವಿಟ್ಟು ಆ ತುಂಡು ವೈರ್ ಹಾಕಿಸಬೇಡಿ. ಕಾಲು ಹಿಡಿದು ಕೇಳಿಕೊಳ್ಳುತ್ತೇನೆ.

ಹಸಿರು ದೀಪ ಬರುವುದು ನಿಜ. ಚಾರ್ಜರ್ ಅರ್ತ್ ಇದೆ ಅಂತ ನಂಬಿ ಮೋಸ ಹೋಗುತ್ತದೆ. ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ಒಂದು ದಿನ ಇಲಿ ಕಡಿದೋ, ಗಾಳಿಗೆ ಜಾಯಿಂಟ್ ಬಿಟ್ಟೋ ಹೋಯಿತು ಅಂತ ಇಟ್ಟುಕೊಳ್ಳಿ. ಮನೆಯೊಳಗೆ ಉರಿಯುತ್ತಿರುವ ಒಂದು ಬಲ್ಬ್ ಸಾಕು, ಅದರ ಮೂಲಕ ಫೇಸ್ ಬಂದು ಮನೆಯ ನ್ಯೂಟ್ರಲ್ ವೈರಿಗೆಲ್ಲ ಕರೆಂಟ್ ತುಂಬುತ್ತದೆ. ಅಲ್ಲಿಂದ ನಿಮ್ಮ ತುಂಡು ವೈರ್ ದಾಟಿ ಕಾರಿನ ಲೋಹದ ಮೈಗೆ. ಕಾರು ರಬ್ಬರ್ ಟೈರಿನ ಮೇಲೆ ನಿಂತಿದೆ, ನೆಲಕ್ಕೆ ಹರಿಯುವುದಿಲ್ಲ. ಸುಮ್ಮನೆ ಕಾಯುತ್ತಿರುತ್ತದೆ. ಬೆಳಗ್ಗೆ ಯಾರೋ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟುತ್ತಾರೆ. ಆಮೇಲೆ ಹೇಳುವುದು ಬೇಡ.

ಆ ಕೆಂಪು ದೀಪ ನಿಮ್ಮ ಮನೆಯ ತಪ್ಪನ್ನು ಎತ್ತಿ ತೋರಿಸಿದೆ. ನಿಮ್ಮ ಫ್ರಿಡ್ಜು, ಮಿಕ್ಸಿ ಇಷ್ಟು ವರ್ಷ ಅರ್ತ್ ಇಲ್ಲದೆ ಓಡಿವೆ. ಹೊಸ ಅರ್ತ್ ಗುಂಡಿ ತೋಡಿಸಿ. ಬಚ್ಚಲು ನೀರು ಹರಿಯುವ ಕಡೆ, ಇಲ್ಲ ತೆಂಗಿನ ಬುಡದ ಹತ್ತಿರ ನೆಲ ಸದಾ ತೇವ ಇರುತ್ತದೆ, ಅಲ್ಲಿ. ಜಿಐ ಪೈಪ್, ಸುತ್ತ ಇದ್ದಿಲು, ಉಪ್ಪು ಒಂದರ ಮೇಲೊಂದು. ಬೇಸಿಗೆಯಲ್ಲಿ ವಾರಕ್ಕೆ ಒಂದು ಬಿಂದಿಗೆ ನೀರು. ಆಮೇಲೆ ಎಲೆಕ್ಟ್ರಿಷಿಯನ್ ಕೈಲಿ ಅರ್ತ್ ಟೆಸ್ಟರ್ ಇಡಿಸಿ, 5 ಓಮ್ ಒಳಗೆ ಬರಲಿ. ಕಾರು ಚಾರ್ಜ್ ಆಗುತ್ತಿರುವಾಗಲೇ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ವೋಲ್ಟ್ ನೋಡಿಸಿ. ಎರಡು, ಮೂರು ವೋಲ್ಟ್ ಇದ್ದರೆ ಚಿಂತೆ ಇಲ್ಲ.

ಪಂಪ್‌ಸೆಟ್ ಲೈನ್ ಬೇಡ. 10 ಎಚ್‌ಪಿ ತನಕ ಉಚಿತ ಕೊಟ್ಟಿರುವುದು ನೀರೆತ್ತುವುದಕ್ಕೆ. ಅಲ್ಲಿಂದ ಕಾರಿಗೆ ಎಳೆಯುವುದು ಕಾನೂನಿಗೂ ತಪ್ಪು, ನ್ಯಾಯಕ್ಕೂ ತಪ್ಪು.

ಪಾಂಡವಪುರ_ರೈತ · ಮಂಗಳವಾರ, ಬೆಳಗ್ಗೆ 7.30

ಆಯ್ತು ಅಣ್ಣ. ಮೊಮ್ಮಗ ಅದೇ ಕಾರಿನ ಸುತ್ತ ಬರಿಗಾಲಲ್ಲಿ ಆಡುತ್ತಾನೆ. ಇವತ್ತೇ ಗುಂಡಿ ತೋಡಿಸುತ್ತೇನೆ.

ಮದ್ದೂರು_ಸ್ಕೂಟರ್ · ಮಂಗಳವಾರ, ಬೆಳಗ್ಗೆ 10.15

ಸ್ಕೂಟರಿಗೂ ಇದೆಲ್ಲ ಬೇಕಾ? ನಾನು 5 ಆಂಪ್ ಸಾಕೆಟ್ಟಿಗೇ ಹಾಕುತ್ತಿದ್ದೇನೆ.

ಲೆಕ್ಕದ_ಮೇಷ್ಟ್ರು · ಮಂಗಳವಾರ, ಮಧ್ಯಾಹ್ನ 12.40

ನಿಮ್ಮ ಚಾರ್ಜರ್ ಮೇಲೆ ವ್ಯಾಟ್ ಬರೆದಿರುತ್ತದೆ, ನೋಡಿ. 700 ವ್ಯಾಟ್ ಇದ್ದರೆ ಮೂರು ಆಂಪ್ ಮಾತ್ರ. 5 ಆಂಪ್ ಸಾಕೆಟ್ ಬಿಗಿಯಾಗಿದ್ದರೆ ಸಾಕು. ಅರ್ತ್ ಮಾತ್ರ ಬೇಕೇ ಬೇಕು.

ಕುವೆಂಪುನಗರ_ಸೋಲಾರ್ · ಮಂಗಳವಾರ, ಸಂಜೆ 5.20

ಬೋಗಾದಿ ಸರ್, ಹೊಸ ಪಾಯಿಂಟ್ ಮಾಡಿಸುವಾಗ ಆರ್‌ಸಿಬಿಒ ಹಾಕಿಸಿ. ಎಂಸಿಬಿ ಕೆಲಸ, ಸೋರಿಕೆ ಹಿಡಿಯುವ ಕೆಲಸ ಎರಡೂ ಅದರಲ್ಲೇ ಇದೆ. 30 ಮಿಲಿ ಆಂಪಿನದ್ದು, ಎ ಟೈಪ್. ಅಂಗಡಿಯಲ್ಲಿ ಎಸಿ ಟೈಪ್ ಕೊಡುತ್ತಾರೆ, ಬೆಲೆ ಕಡಿಮೆ. ಎಸಿ ಅಂದರೆ ಮನೆ ಕರೆಂಟೇ ಅಲ್ವಾ, ಸರಿ ಅಂತ ನಾನೂ ಮೊದಲು ಅದನ್ನೇ ತಂದಿದ್ದೆ. ಮುಂಭಾಗದಲ್ಲಿ ಒಂದು ಚೌಕದ ಒಳಗೆ ಚಿಹ್ನೆ ಇರುತ್ತದೆ. ಬರೀ ಒಂದು ಅಲೆ ಇದ್ದರೆ ಎಸಿ ಟೈಪ್. ಅಲೆಯ ಕೆಳಗೆ ಎರಡು ಅರ್ಧ ಗುಡ್ಡದ ಹಾಗೆ ಗೆರೆ ಇದ್ದರೆ ಎ ಟೈಪ್. ಕಾರಿನ ಚಾರ್ಜರ್ ಎಸಿಯನ್ನು ಡಿಸಿ ಮಾಡುತ್ತದೆ. ಅಲ್ಲಿ ಸೋರುವ ಕರೆಂಟಿನ ಅಲೆ ಅರ್ಧಂಬರ್ಧ ಇರಬಹುದು. ಎಸಿ ಟೈಪಿಗೆ ಅದು ಕಾಣುವುದಿಲ್ಲ.

ಹಾಗೇ ಈ ಪಾಯಿಂಟನ್ನು ಮನೆಯ ಯುಪಿಎಸ್ ಲೈನಿಗೆ ಸೇರಿಸದಂತೆ ನೋಡಿಕೊಳ್ಳಿ. ಕರೆಂಟ್ ಹೋದ ಕೂಡಲೇ ಕಾರು ಯುಪಿಎಸ್ ಮೇಲೆ ಬೀಳುತ್ತದೆ.

ಸೋಲಾರ್ ಬಗ್ಗೆ ಯಾರಾದರೂ ಯೋಚಿಸುತ್ತಿದ್ದರೆ, 3 ಕಿಲೋವ್ಯಾಟ್ ಚಾವಣಿ ಫಲಕ ದಿನಕ್ಕೆ ಸುಮಾರು 12 ಯೂನಿಟ್ ಕೊಡುತ್ತದೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಹಾಯಧನ ಇದೆ. ಹಗಲು ಮನೆಯಲ್ಲಿ ಕಾರು ನಿಲ್ಲುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಬೋಗಾದಿ_ರಸ್ತೆ · ಭಾನುವಾರ, ಸಂಜೆ 7.30

ಒಂದು ವಾರ ಆಯಿತು, ಕೆಲಸ ಮುಗಿದಿದೆ. ನಿಮಗೆಲ್ಲ ವರದಿ ಕೊಡಲೇಬೇಕು.

ಶುಕ್ರವಾರ ಎಲೆಕ್ಟ್ರಿಷಿಯನ್ ಬಂದು ಹಳೇ ಸಾಕೆಟ್ ಬಿಚ್ಚಿದರು. ಫೇಸ್ ಕಡೆಯ ಹಿತ್ತಾಳೆ ಪಟ್ಟಿ ನೀಲಿ, ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಒತ್ತಿದರೆ ಹಾಗೇ ಅಗಲ ಆಯಿತು, ವಾಪಸ್ ಬಿಗಿ ಆಗಲಿಲ್ಲ. ಸ್ಕ್ರೂ ಹತ್ತಿರ ಎರಡು ಅಂಗುಲ ವೈರಿನ ಮೇಲಿನ ಪದರ ಒಣಗಿದ ಕಡ್ಡಿಯಂತೆ ಮುರಿದು ಉದುರಿತು. ಇನ್ನೂ ಒಂದು ಸಂಗತಿ. ಆ ಪಾಯಿಂಟಿಗೆ ಡಿಬಿಯಿಂದ ನೇರ ವೈರ್ ಬಂದಿರಲಿಲ್ಲ. ಬಚ್ಚಲಿನ ಬೋರ್ಡಿನಿಂದ ಲೂಪ್ ಮಾಡಿದ್ದರು, ಅದೂ 1.5ರಲ್ಲಿ. ಮೇಷ್ಟ್ರು ಹೇಳಿದ 80 ವ್ಯಾಟ್ ನಮ್ಮ ಗೋಡೆಯಲ್ಲೇ ಇತ್ತು.

ಈಗ ಡಿಬಿಯಿಂದ 18 ಮೀಟರ್ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಮಧ್ಯದಲ್ಲಿ ಎಲ್ಲೂ ಜಾಯಿಂಟ್ ಇಲ್ಲ. 16 ಆಂಪ್ ಎ ಟೈಪ್ ಆರ್‌ಸಿಬಿಒ. ಐಎಸ್‌ಐ ಗುರುತಿನ ಹೊಸ 16 ಆಂಪ್ ಸಾಕೆಟ್, ಮಳೆ ಹನಿ ಬೀಳದ ಹಾಗೆ ಮುಚ್ಚಳದ ಡಬ್ಬಿ. ಕಪ್ಪಾದ ಪಿನ್ನಿನ ಚಾರ್ಜರನ್ನು ಸರ್ವಿಸ್ ಸೆಂಟರಿನಲ್ಲಿ ತೋರಿಸಿ ಬದಲಾಯಿಸಿಕೊಂಡೆ. ಚಾರ್ಜರಿನ ತೂಕ ಪ್ಲಗ್ಗನ್ನು ಕೆಳಗೆ ಜಗ್ಗುತ್ತಿತ್ತು. ಅದಕ್ಕೆ ಪಕ್ಕದಲ್ಲೇ ಒಂದು ಕೊಕ್ಕೆ ಹೊಡೆಸಿ ಚಾರ್ಜರ್ ನೇತುಹಾಕಿದ್ದೇನೆ. ಅರ್ತ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ತೆಗೆದು ಹೊಸದಾಗಿ ತುಂಬಿಸಿದೆವು. ಮೊದಲು ನ್ಯೂಟ್ರಲ್, ಅರ್ತ್ ನಡುವೆ 9 ವೋಲ್ಟ್ ತೋರಿಸುತ್ತಿತ್ತು, ಈಗ ಚಾರ್ಜ್ ಆಗುವಾಗಲೂ 2. ಒಟ್ಟು ಖರ್ಚು 11 ಸಾವಿರ ಚಿಲ್ಲರೆ. ಲೋಡ್ ಏರಿಸಲು ಅರ್ಜಿಯೂ ಕೊಟ್ಟೆ.

ನಿನ್ನೆ ರಾತ್ರಿ ಎರಡು ಗಂಟೆ ಚಾರ್ಜ್ ಆದ ಮೇಲೆ ನಾನೂ, ನಮ್ಮ ಮನೆಯವರೂ ಹೋಗಿ ಪ್ಲಗ್ ಮುಟ್ಟಿದೆವು. ಮೊಬೈಲ್ ಚಾರ್ಜರಿನಷ್ಟೂ ಬಿಸಿ ಇಲ್ಲ.

ಸರಸ್ವತಿಪುರಂ_ಬಾಡಿಗೆ_ಮನೆ · ಭಾನುವಾರ, ರಾತ್ರಿ 8.05

ಕೇಳಿ ಸಮಾಧಾನ ಆಯಿತು ಸರ್. ನಮ್ಮ ಓನರ್ ಅಮ್ಮನೂ ಒಪ್ಪಿದರು. ಪೈಪ್ ಅವರ ತುಳಸಿಕಟ್ಟೆಯ ಮೇಲೆ ಹಾಯಬಾರದು ಅಂತ ಒಂದೇ ಷರತ್ತು. ಬುಧವಾರ ಕೆಲಸ. ಅಲ್ಲಿಯ ತನಕ ಬಸ್ಸಿನಲ್ಲೇ ಓಡಾಟ. ಅಣ್ಣ, ಒಮ್ಮೆ ಮಾಡಿಸಿದ ಮೇಲೆ ಮತ್ತೆ ನೋಡಬೇಕಾದ್ದು ಏನಾದರೂ ಇದೆಯಾ?

ನಿವೃತ್ತ_ವೈರ್‌ಮನ್_ಮಂಡ್ಯ · ಭಾನುವಾರ, ರಾತ್ರಿ 8.40

ಇದೆ ತಾಯಿ. ಮೊದಲ ತಿಂಗಳು ಕಳೆದ ಮೇಲೆ ಮೇನ್ ಆಫ್ ಮಾಡಿಸಿ, ಸಾಕೆಟ್ಟಿನ, ಡಿಬಿಯ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿಸಿ. ಹೊಸ ತಾಮ್ರ ಸ್ಕ್ರೂ ಕೆಳಗೆ ಕೂತುಕೊಳ್ಳುತ್ತದೆ, ಸ್ವಲ್ಪ ಸಡಿಲ ಆಗುತ್ತದೆ. ಆಮೇಲೆ ಆರು ತಿಂಗಳಿಗೊಮ್ಮೆ. ಆರ್‌ಸಿಬಿಒ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳಬೇಕು. ಚಾರ್ಜ್ ಆಗುತ್ತಿರುವಾಗ ಪ್ಲಗ್ ಕೀಳಬೇಡಿ. ಮೊದಲು ಕಾರಿನಲ್ಲಿ ನಿಲ್ಲಿಸಿ, ಕಾರಿಗೆ ಚುಚ್ಚಿದ ಗನ್ ತೆಗೆದು, ಸ್ವಿಚ್ ಆರಿಸಿ, ಆಮೇಲೆ ಪ್ಲಗ್. ಉರಿಯುತ್ತಿರುವಾಗ ಕಿತ್ತರೆ ಕಿಡಿ ಹಾರಿ ಪಿನ್ ಕಪ್ಪಾಗುತ್ತದೆ. ಅಲ್ಲಿಂದಲೇ ಎಲ್ಲ ಶುರು.

ಬೋಗಾದಿ ಸರ್, ಮಾವನ ಮನೆಯ 5 ಆಂಪ್ ಸಾಕೆಟ್ ಕಥೆ ಏನಾಯಿತು?

ಬೋಗಾದಿ_ರಸ್ತೆ · ಭಾನುವಾರ, ರಾತ್ರಿ 8.55

ಕನ್ವರ್ಟರ್ ಪಿನ್ ಕಸದ ಬುಟ್ಟಿಗೆ ಹೋಯಿತು ಅಣ್ಣ. ಅಲ್ಲಿಗೆ ಹೋಗಿ ಬರಲು 90 ಕಿ.ಮೀ., ಇಲ್ಲಿಂದ ತುಂಬಿಸಿಕೊಂಡು ಹೋದರೆ ಧಾರಾಳ ಸಾಕು. ಆದರೆ ಮಾವ ಹೊರಗೊಂದು 15 ಆಂಪ್ ಪಾಯಿಂಟ್ ಮಾಡಿಸಲೇಬೇಕು ಅನ್ನುತ್ತಿದ್ದಾರೆ. ಮನೆ ಹಳೇದು, ಮರದ ಬೋರ್ಡು, ಫ್ಯೂಸ್ ಕಟ್ಟುವ ಮೇನು. ಮುಂದಿನ ಶನಿವಾರ ಬರುತ್ತೇವೆ. ನಿಮಗೆ ಬಿಡುವಿದ್ದರೆ ಒಮ್ಮೆ ನೋಡಿ ಹೇಳುತ್ತೀರಾ?

ನಿವೃತ್ತ_ವೈರ್‌ಮನ್_ಮಂಡ್ಯ · ಭಾನುವಾರ, ರಾತ್ರಿ 9.10

ಬನ್ನಿ ಸರ್. ಅರ್ತ್ ಟೆಸ್ಟರ್ ತರುತ್ತೇನೆ. ಮಾವನವರಿಗೆ ಹೇಳಿ, ಶುಕ್ರವಾರ ಸಂಜೆ ಅರ್ತ್ ಗುಂಡಿ ಎಲ್ಲಿದೆ ಅಂತ ಹುಡುಕಿ ಇಟ್ಟಿರಲಿ. ಹಳೇ ಮನೆಗಳಲ್ಲಿ ಅದರ ಮೇಲೆ ಹೂವಿನ ಕುಂಡ ಇಟ್ಟಿರುತ್ತಾರೆ.